ಹೂಮರವಾಗುವ ಹುಡುಗಿಗೆ ಎಷ್ಟು ಅಂಕ?

ರಜೆ ಬಂತೆಂದರೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಮಗಳೂ ಅವಳ ಗೆಳತಿಯರೂ ಊಟದ ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತಾರೆ. ಒಬ್ಬಳು ಕಥೆ ನಡೆಸುತ್ತಾಳೆ. ಉಳಿದವರು ತಾವೇ ಸೃಷ್ಟಿಸಿಕೊಂಡ ಪಾತ್ರಗಳಾಗಿ ಅದರೊಳಗೆ ಸಂಚರಿಸುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಆಟಗಳಿಗೆ ಮೂಲ. ಪಾತ್ರಗಳೂ ಅಲ್ಲಿಯವೇ: ಚೂಪು ಕಿವಿಯ ಎಲ್ಫ್‌ಗಳು, ಕುಬ್ಜರು, ಮಾಂತ್ರಿಕರು.

ನಮ್ಮ ಅಜ್ಜಿಕಥೆಯವರು ಏಕೆ ಬರಬಾರದೆಂದು ಕೇಳಿದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರ 1992ರ ‘ಚೆಲುವಿ’ ಚಿತ್ರಕ್ಕೆ ಆಧಾರವಾದ ಕನ್ನಡ ಕಥೆಯನ್ನು ಹೇಳಿದೆ. ಒಂದು ಕೊಡ ನೀರು ಸುರಿದರೆ ಹುಡುಗಿ ಹೂಮರವಾಗುತ್ತಾಳೆ. ಇನ್ನೊಂದು ಸುರಿದರೆ ಮತ್ತೆ ಹುಡುಗಿ. ನಡುವೆ ಯಾರಾದರೂ ಕೊಂಬೆ ಮುರಿದರೆ ಅವಳು ಕೈಕಾಲು ಕಳೆದುಕೊಳ್ಳುತ್ತಾಳೆ.

ಮಗಳು ಹಾಳೆ ತೆಗೆದು ಶಕ್ತಿಗಿಷ್ಟು, ಬುದ್ಧಿಗಿಷ್ಟು ಎಂದು ಅಂಕ ಬರೆಯತೊಡಗಿದಳು. ಪೆನ್ಸಿಲು ನಿಂತಿತು. ‘ಅಪ್ಪಾ, ಎರಡನೇ ಕೊಡ ನೀರು ಹಾಕೋರು ಯಾರು?’

ಪ್ರಶ್ನೆ ಸರಿಯಾಗಿಯೇ ಇತ್ತು. ಉಳಿದ ವೀರರ ಬಲ ಅವರವರ ತೋಳಿನಲ್ಲಿದೆ. ಈ ಹುಡುಗಿಯದು ಪಕ್ಕದಲ್ಲಿ ಕುಳಿತವರ ಕೈಯಲ್ಲಿದೆ. ಜನಪದ ಕಥೆಯಿಂದ ಪಾತ್ರ ಕಟ್ಟುವುದೆಂದರೆ ಎಲ್ಫ್‌ಗೆ ಸೀರೆ ಉಡಿಸುವುದಲ್ಲ. ಆ ಕಥೆಯ ಷರತ್ತನ್ನೂ ಆಟದೊಳಕ್ಕೆ ತರುವುದು. ಷರತ್ತು ಬಿಟ್ಟರೆ ಉಳಿಯುವುದು ಹೆಸರು ಮಾತ್ರ.

ಆ ಆಟದಲ್ಲಿ ಆರು ಗುಣಗಳಿಗೆ ಅಂಕವಿದೆ, ನಂಬಿಕೆಗೆ ಇಲ್ಲ. ಮಕ್ಕಳು ಅಂದು ಹಾಳೆಯ ಕೆಳಗೆ ಏಳನೆಯ ಸಾಲನ್ನು ತಾವೇ ಗೀಚಿಕೊಂಡರು.