ಲಂಡನ್ನಿನಲ್ಲಿ ಮಾರ್ಚ್ ಮುಗಿಯುವುದು ಏಪ್ರಿಲ್ 5ಕ್ಕೆ

ಪ್ರತಿವರ್ಷ ಏಪ್ರಿಲ್ 1ರಂದು ಊರಿನಿಂದ ಫೋನ್ ಬರುತ್ತದೆ. ‘ಇಯರ್ ಎಂಡಿಂಗ್ ಮುಗೀತಲ್ಲ, ಇನ್ನಾದರೂ ಸ್ವಲ್ಪ ನಿದ್ದೆ ಮಾಡು’ ಎನ್ನುತ್ತಾರೆ ನಮ್ಮ ತಂದೆಯವರು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಅವರ ಲೆಕ್ಕದಲ್ಲಿ ಮಾರ್ಚ್ 31ರ ರಾತ್ರಿ ದಾಟಿದರೆ ಗೆದ್ದಂತೆ. ಇಲ್ಲಿ ತೆರಿಗೆ ವರ್ಷ ಮುಗಿಯುವುದು ಏಪ್ರಿಲ್ 5ಕ್ಕೆ ಎಂದು ಎಷ್ಟು ಸಲ ಹೇಳಿದರೂ ಅವರಿಗದು ತಮಾಷೆ.

ತಮಾಷೆ ಹಳೆಯದು. ಹಿಂದೆ ಇಂಗ್ಲೆಂಡಿನ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1752ರಲ್ಲಿ ಕ್ಯಾಲೆಂಡರ್ ಬದಲಾಯಿಸಿದಾಗ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಬಂತು. ಕಳೆದುಹೋದ ಹನ್ನೊಂದು ದಿನಗಳ ತೆರಿಗೆ ಬಿಡಲು ಖಜಾನೆಯವರು ಒಪ್ಪಲಿಲ್ಲ, ವರ್ಷಾಂತ್ಯವನ್ನೇ ಮುಂದೆ ತಳ್ಳಿದರು ಎಂಬುದು ಇಲ್ಲಿ ಸಾಮಾನ್ಯವಾಗಿ ಹೇಳುವ ಕಥೆ. ಆ ಹನ್ನೊಂದು ದಿನಗಳ ಬಡ್ಡಿಯನ್ನು ಇವತ್ತಿಗೂ ಕಟ್ಟುತ್ತಿರುವವರು ನಾವು, ಪೇರೋಲ್‌ನವರು!

ಕ್ರಾಯ್ಡನ್‌ನ ನಮ್ಮ ಆಫೀಸಿನ ಪೇರೋಲ್ ವಿಭಾಗದಲ್ಲಿ ಇರುವುದು ಐದು ಜನ, ಅದರಲ್ಲಿ ಇಬ್ಬರು ಕನ್ನಡಿಗರು. ಹೋಟೆಲು, ಕೇರ್ ಹೋಮ್, ಕ್ಲೀನಿಂಗ್ ಕಂಟ್ರಾಕ್ಟರು, ಹೀಗೆ ಹಲವು ಸಣ್ಣ ಸಂಸ್ಥೆಗಳ ಸಂಬಳ ಮಾಡಿಕೊಡುತ್ತೇವೆ. 2013ರಿಂದ ನಿಯಮ ಬದಲಾಗಿ, ಸಂಬಳ ಕೊಡುವ ದಿನ ಅಥವಾ ಅದಕ್ಕೂ ಮೊದಲೇ ಪ್ರತಿಯೊಬ್ಬರ ಲೆಕ್ಕ ಎಚ್‌ಎಂಆರ್‌ಸಿಗೆ, ಅಂದರೆ ಇಲ್ಲಿನ ತೆರಿಗೆ ಇಲಾಖೆಗೆ, ಆನ್‌ಲೈನ್‌ನಲ್ಲಿ ಹೋಗಬೇಕು. ಇದಕ್ಕೆ ಎಫ್‌ಪಿಎಸ್ ಎನ್ನುತ್ತಾರೆ. ತಿಂಗಳು ತಿಂಗಳು ಲೆಕ್ಕ ಹೋಗುತ್ತಿರುವಾಗ ವರ್ಷದ ಕೊನೆಗೆ ಏನು ಭಾರ ಎಂದು ಕೇಳಬಹುದು. ಕೊನೆಯ ಎಫ್‌ಪಿಎಸ್‌ಗೆ ‘ಇದೇ ಕೊನೆಯದು’ ಎಂದು ಗುರುತು ಹಾಕಬೇಕು, ಎಲ್ಲರ ಟ್ಯಾಕ್ಸ್ ಕೋಡ್ ಹೊಸ ವರ್ಷಕ್ಕೆ ದಾಟಿಸಬೇಕು, ನಮ್ಮ ಫಾರಂ 16 ಇದ್ದ ಹಾಗೆ ಇಲ್ಲಿರುವ ಪಿ60 ಮೇ 31ರೊಳಗೆ ಕೊಡಬೇಕು, ಕಂಪನಿ ಕಾರಿನಂಥ ಸವಲತ್ತುಗಳ ಪಿ11ಡಿ ಜುಲೈ 6ರೊಳಗೆ. ಇವೆಲ್ಲ ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕಿ ಮುಗಿಸುವ ಕೆಲಸ. ನಿಜವಾದ ಕಷ್ಟ ದಿನಾಂಕಗಳದ್ದು.

2024ರ ವರ್ಷಾಂತ್ಯವನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಮಾರ್ಚ್ 29 ಗುಡ್ ಫ್ರೈಡೇ, ಏಪ್ರಿಲ್ 1 ಈಸ್ಟರ್ ಸೋಮವಾರ, ಎರಡೂ ಬ್ಯಾಂಕಿಗೆ ರಜೆ. ಅದೇ ಏಪ್ರಿಲ್ 1ರಿಂದ ಕನಿಷ್ಠ ವೇತನ ಗಂಟೆಗೆ 10.42 ಪೌಂಡಿನಿಂದ 11.44ಕ್ಕೆ ಏರಿತು, 23 ತುಂಬಿದವರಿಗಿದ್ದ ಆ ದರ 21 ತುಂಬಿದವರಿಗೂ ಬಂತು. ಏಪ್ರಿಲ್ 6ರಿಂದ ನೌಕರರ ನ್ಯಾಷನಲ್ ಇನ್ಶೂರೆನ್ಸ್ ಶೇ 10ರಿಂದ 8ಕ್ಕೆ ಇಳಿಯಿತು. ಅದಕ್ಕೆ ಮೂರೇ ತಿಂಗಳ ಹಿಂದೆ, ಜನವರಿಯಲ್ಲಿ, 12ರಿಂದ 10ಕ್ಕೆ ಇಳಿಸಿ ಸಾಫ್ಟ್‌ವೇರ್ ಸರಿಪಡಿಸಿ ಸುಸ್ತಾಗಿದ್ದೆವು.

ಇದರ ಮೇಲೆ 53ನೇ ವಾರ. 52 ವಾರ ಎಂದರೆ 364 ದಿನ. ಫೆಬ್ರವರಿ 29 ಇದ್ದದ್ದರಿಂದ ಎರಡು ದಿನ ಉಳಿದವು, ಏಪ್ರಿಲ್ 4 ಮತ್ತು 5. ಶುಕ್ರವಾರ ವಾರದ ಸಂಬಳ ಕೊಡುವ ಸಂಸ್ಥೆಗಳಿಗೆ ಏಪ್ರಿಲ್ 5 ಸರಿಯಾಗಿ ಶುಕ್ರವಾರವೇ ಬಂತು. ವರ್ಷದ ತೆರಿಗೆ ವಿನಾಯಿತಿ 12,570 ಪೌಂಡನ್ನು 52ಕ್ಕೆ ಭಾಗಿಸಿ ಕೊಟ್ಟು ಮುಗಿಸಿದ ಮೇಲೆ ಇನ್ನೊಂದು ವಾರದ ಪಾಲು ಕೊಡಬೇಕು. ನೌಕರನಿಗೆ ಆ ವಾರ ಸುಮಾರು 48 ಪೌಂಡ್ ತೆರಿಗೆ ಉಳಿಯುತ್ತದೆ, ಆಮೇಲೆ ಅದೇ ಬಾಕಿಯೆಂದು ಲೆಕ್ಕಕ್ಕೆ ಬರಬಹುದು. ಇದನ್ನು ಹೋಟೆಲಿನ ಅಡುಗೆಯವರಿಗೆ ಫೋನಿನಲ್ಲಿ ವಿವರಿಸುವುದು ಸಿಎ ಪರೀಕ್ಷೆಗಿಂತ ಕಷ್ಟ.

ಈ ಗಡಿಬಿಡಿಯಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಒಂದು ಕ್ಲೀನಿಂಗ್ ಸಂಸ್ಥೆಯ ಸಂಬಳದ ದಿನ ಪ್ರತಿ ತಿಂಗಳ 29. ರಜೆ ಇದ್ದುದರಿಂದ ಮಾರ್ಚ್ 28ಕ್ಕೇ ಹಣ ಕಳಿಸಿದೆವು. ಹಣ ಮೊದಲೇ ಹೋದರೂ ಎಫ್‌ಪಿಎಸ್‌ನಲ್ಲಿ ಮಾಮೂಲಿ ದಿನಾಂಕ 29 ಎಂದೇ ನಮೂದಿಸಬೇಕೆಂಬುದು ನಿಯಮ. ನಾವು 28 ಎಂದು ಹಾಕಿದ್ದೆವು.

ಏಪ್ರಿಲ್ 3ರ ಬುಧವಾರ ಒಬ್ಬಾಕೆಯ ಫೋನ್ ಬಂತು. ರಾತ್ರಿ ಪಾಳಿಯಲ್ಲಿ ಆಫೀಸುಗಳನ್ನು ಗುಡಿಸಿ ಒರೆಸುವವರು, ಎರಡು ಮಕ್ಕಳನ್ನು ಒಬ್ಬರೇ ಸಾಕುತ್ತಿರುವವರು. ‘ನನಗೆ ಎರಡು ಸಂಬಳ ಬಂದಿದೆ ಅಂತ ಸರ್ಕಾರ ಹೇಳ್ತಿದೆ, ಇನ್ನೊಂದು ಎಲ್ಲಿ?’ ಎಂದರು. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ನಮ್ಮ ಎಫ್‌ಪಿಎಸ್ ನೋಡಿಯೇ ನಿರ್ಧಾರವಾಗುತ್ತದೆ. ಅವರ ಲೆಕ್ಕದ ತಿಂಗಳು ಮುಗಿಯುವುದು ಮಾರ್ಚ್ 28ಕ್ಕೆ. ಫೆಬ್ರವರಿಯ ಸಂಬಳ 29ಕ್ಕೆ, ನಮ್ಮ ಕೃಪೆಯಿಂದ ಮಾರ್ಚಿನದು 28ಕ್ಕೆ. ಎರಡೂ ಒಂದೇ ತಿಂಗಳೊಳಗೆ ಬಿದ್ದಿದ್ದವು. ಒಂದು ಪೌಂಡ್ ಸಂಬಳ ಹೆಚ್ಚು ಕಂಡರೆ 55 ಪೆನ್ಸ್ ನೆರವು ಕಡಿತ. ಕೈಗೆ 900 ಪೌಂಡ್ ಬರುವವರಿಗೆ ಇದು 495 ಪೌಂಡಿನ ಪೆಟ್ಟು. ಮರುದಿನವೇ ಆ ನೆರವು ಬರಬೇಕಿತ್ತು, ಬಾಡಿಗೆಯೂ ಕಟ್ಟಬೇಕಿತ್ತು.

ಇದು ಹೊಸ ಸಮಸ್ಯೆಯೂ ಅಲ್ಲ. ಸಂಬಳದ ದಿನ ರಜೆಯಿಂದ ಹಿಂದೆ ಸರಿದು ನೆರವು ಏರುಪೇರಾಗುತ್ತದೆಂದು ನಾಲ್ವರು ಒಂಟಿ ತಾಯಂದಿರು ಕೋರ್ಟಿಗೆ ಹೋಗಿದ್ದರು. 2020ರ ಜೂನ್‌ನಲ್ಲಿ ಕೋರ್ಟ್ ಆಫ್ ಅಪೀಲ್ ಅವರ ಪರ ತೀರ್ಪು ಕೊಟ್ಟಿತು, ನಿಯಮಕ್ಕೂ ತಿದ್ದುಪಡಿ ಬಂತು. ಆದರೆ ತಿದ್ದುಪಡಿ ಕೆಲಸ ಮಾಡಬೇಕಾದರೆ ಯಾರೋ ಒಬ್ಬರು ತಪ್ಪನ್ನು ಗಮನಿಸಬೇಕು. ಯಾವ ನೌಕರ ನೆರವು ಪಡೆಯುತ್ತಾರೆಂಬುದು ಮಾಲೀಕರಿಗಾಗಲಿ ನಮಗಾಗಲಿ ಗೊತ್ತಿರುವುದಿಲ್ಲ. ಆಕೆ ಫೋನ್ ಮಾಡಿದರು. ಮಾಡದೇ ಸುಮ್ಮನಿದ್ದವರು ಎಷ್ಟು ಜನವೋ.

ಅವತ್ತು ಸಂಜೆಯೇ ಆ ಸಂಸ್ಥೆಯ ಎಲ್ಲ ನೌಕರರಿಗೂ ದಿನಾಂಕ ತಿದ್ದಿ ಎಫ್‌ಪಿಎಸ್ ಮತ್ತೆ ಕಳಿಸಿದೆವು. ಮಾಲೀಕರನ್ನು ಒಪ್ಪಿಸಿ ಆಕೆಗೆ ಅಡ್ವಾನ್ಸ್ ಕೊಡಿಸಿದೆವು. ನೆರವಿನ ಬಾಕಿ ಕೈಸೇರಲು ಎರಡು ವಾರ ಹಿಡಿಯಿತು. ಕ್ಷಮೆ ಕೇಳಿದಾಗ ಆಕೆ ಬೈಯಲಿಲ್ಲ. ‘ಮುಂದಿನ ಗುಡ್ ಫ್ರೈಡೇ ಯಾವಾಗ?’ ಎಂದಷ್ಟೇ ಕೇಳಿದರು.

ಆ ವರ್ಷದ ಯುಗಾದಿ ಏಪ್ರಿಲ್ 9, ಮಂಗಳವಾರ. ಸೌತಾಲ್‌ನಲ್ಲಿ ಹುಡುಕಿ ತಂದ ಬೇವಿನೆಲೆಗೆ ಬೆಲ್ಲ ಸೇರಿಸಿ ಆಫೀಸಿಗೆ ಒಯ್ದಿದ್ದೆವು. ಸ್ಕಾಟ್ಲೆಂಡಿನ ಸಹೋದ್ಯೋಗಿಯೊಬ್ಬರು ಬೆಲ್ಲವನ್ನಷ್ಟೇ ಆರಿಸಿ ತಿಂದರು!

ಈಗ ಜನವರಿಯಲ್ಲೇ ಗೋಡೆಗೆ ದೊಡ್ಡ ಕ್ಯಾಲೆಂಡರ್ ಹಾಕಿ, ಬ್ಯಾಂಕ್ ರಜೆಯನ್ನು ಮುಟ್ಟುವ ಸಂಬಳದ ದಿನಗಳಿಗೆಲ್ಲ ಕೆಂಪು ಸುತ್ತು ಹಾಕುತ್ತೇವೆ. ಹಣ ಹೋಗುವ ದಿನಾಂಕ ಒಬ್ಬರು ಹಾಕಿದರೆ, ಎಫ್‌ಪಿಎಸ್‌ನ ದಿನಾಂಕ ಇನ್ನೊಬ್ಬರು ನೋಡಬೇಕು. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೇ ಬಂದು ಹೋಗುತ್ತದೆ. ಏಪ್ರಿಲ್ 3 ಗುಡ್ ಫ್ರೈಡೇ, ಏಪ್ರಿಲ್ 5ಕ್ಕೆ ಈಸ್ಟರ್. ಏಪ್ರಿಲ್ 1ಕ್ಕೆ ಫೋನ್ ಮಾಡಬೇಡಿ ಎಂದು ತಂದೆಯವರಿಗೆ ಈಗಲೇ ಹೇಳಿಟ್ಟಿದ್ದೇವೆ.