ವಾರಕ್ಕೊಂದು ಪೆನ್ನಿ

ಪರಿಶುದ್ಧತೆ ಎಂದರೆ ಏನೇನು ಮಾಡಬಾರದು ಎನ್ನುವ ಪಟ್ಟಿ ಎಂದೇ ನಮ್ಮಲ್ಲಿ ಹಲವರ ನಂಬಿಕೆ. ಕುಡಿಯಬಾರದು, ಸುಳ್ಳಾಡಬಾರದು, ಭಾನುವಾರದ ಆರಾಧನೆ ತಪ್ಪಿಸಬಾರದು. ಸುವಾರ್ತೆ, ಸೇವೆ ಎಲ್ಲ ಅಯ್ಯನವರ ಪಾಲಿಗೆ, ಇಲ್ಲವೇ ಮಿಷನ್ ಆಸ್ಪತ್ರೆಯವರ ಪಾಲಿಗೆ. ಕ್ರಿಸ್ತನ ಶಿಷ್ಯರ ಬದುಕನ್ನು ಹೀಗೆ ಎರಡು ಪಾಲು ಮಾಡುವುದನ್ನು ನಾನು ಒಪ್ಪಲಾರೆ.

ಮೈಸೂರಿನಲ್ಲಿ ಮೆಥಡಿಸ್ಟರು ಕಟ್ಟಿದ ಸಭೆಯಲ್ಲಿ ಬೆಳೆದವಳು ನಾನು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ. ಆಕ್ಸ್‌ಫರ್ಡಿನ ದಿನಗಳಲ್ಲೇ ಉಪವಾಸ, ಪ್ರಾರ್ಥನೆಯಲ್ಲಿ ಬಲು ಕಟ್ಟುನಿಟ್ಟು. ಜೊತೆಗೇ ಜೈಲಿಗೆ ಹೋಗಿ ಕೈದಿಗಳನ್ನೂ ಕಾಣುತ್ತಿದ್ದರು. 1739ರಲ್ಲಿ ಬ್ರಿಸ್ಟಲಿನ ಹೊರಗೆ ಕಲ್ಲಿದ್ದಲು ಗಣಿಯ ಕೂಲಿಗಳ ನಡುವೆ ಬಯಲಲ್ಲೇ ನಿಂತು ಬೋಧಿಸಿದರು.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಒಂದು ಸಾಲದ ಕಥೆ. ಬ್ರಿಸ್ಟಲಿನಲ್ಲಿ ಕಟ್ಟಿಸಿದ ಪ್ರಾರ್ಥನಾಮಂದಿರದ ಸಾಲ ತೀರಿರಲಿಲ್ಲ. 1742ರ ಫೆಬ್ರವರಿಯಲ್ಲಿ ಎಲ್ಲರೂ ಕೂತು ಯೋಚಿಸುವಾಗ ಕ್ಯಾಪ್ಟನ್ ಫಾಯ್ ಎಂಬವರು, ತಲೆಗೆ ವಾರಕ್ಕೊಂದು ಪೆನ್ನಿ ಕೊಡೋಣ ಎಂದರು. ಬಡವರ ಕೈಲಿ ಅದೂ ಆಗದು ಎಂಬ ಮಾತು ಬಂತು. ಹಾಗಾದರೆ ತೀರಾ ಬಡವರಾದ ಹನ್ನೊಂದು ಮಂದಿಯನ್ನು ನನಗೇ ಬಿಡಿ, ವಾರವಾರ ಹೋಗಿ ಕಾಣುತ್ತೇನೆ, ಅವರಿಂದ ಆಗದಿದ್ದರೆ ನಾನೇ ತುಂಬುತ್ತೇನೆ ಎಂದರು ಫಾಯ್. ಉಳಿದ ಕೆಲವರೂ ಹಾಗೆಯೇ ಹನ್ನೊಂದು ಹನ್ನೊಂದು ಮಂದಿಯನ್ನು ವಹಿಸಿಕೊಂಡರು.

ಪೆನ್ನಿ ಕೇಳಲು ಹೋದವರಿಗೆ ಮನೆಯೊಳಗಿನ ಬದುಕು ಕಂಡಿತು. ಒಬ್ಬ ಕುಡಿದಿದ್ದ, ಇನ್ನೊಬ್ಬ ಹೆಂಡತಿಯೊಡನೆ ಜಗಳಕ್ಕೆ ನಿಂತಿದ್ದ. ಜನರ ಯೋಗಕ್ಷೇಮ ನೋಡಿಕೊಳ್ಳಲು ತಾವು ಹುಡುಕುತ್ತಿದ್ದ ದಾರಿ ಇದೇ ಎಂದು ವೆಸ್ಲಿಯವರಿಗೆ ಹೊಳೆದದ್ದು ಆಗಲೇ. ಮನೆಯಾಳುಗಳನ್ನು ಕಾಣಲು ಕೆಲವು ಯಜಮಾನರು ಬಿಡುತ್ತಿರಲಿಲ್ಲ. ಹಾಗಾಗಿ ಮುಂದೆ ಗುಂಪುಗಳು ವಾರಕ್ಕೊಮ್ಮೆ ಒಂದೆಡೆ ಸೇರತೊಡಗಿದವು. ಅದಕ್ಕೆ ಕ್ಲಾಸ್ ಮೀಟಿಂಗ್ ಎಂದು ಹೆಸರಾಯಿತು. ಹೆಂಗಸರೂ ಮುಂದಾಳುಗಳಾದರು.

1743ರಲ್ಲಿ ವೆಸ್ಲಿ ಬರೆದ ನಿಯಮಗಳಲ್ಲಿ ಕೆಡುಕು ಬಿಡಿ ಎಂದ ಬೆನ್ನಿಗೇ ಒಳಿತು ಮಾಡಿ ಎಂದಿದೆ: ಹಸಿದವರಿಗೆ ಊಟ, ಕಾಯಿಲೆಯವರ ಮತ್ತು ಕೈದಿಗಳ ಭೇಟಿ. ಆರಾಧನೆಯ ಮಾತು ಬರುವುದು ಇವುಗಳ ಆಮೇಲೆ! ಮೂರು ವರ್ಷದಲ್ಲಿ ಲಂಡನ್ನಿನ ಬಡವರಿಗೆ ಪುಕ್ಕಟೆ ಔಷಧಿ ಕೊಡುವ ವ್ಯವಸ್ಥೆಯಾಯಿತು. 1774ರಲ್ಲಿ ವೆಸ್ಲಿ ಗುಲಾಮರ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದರು. ನಮ್ಮ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಅದೇ ಬೇರಿನದು.

ನಾನು ನರ್ಸಾಗಿ ದುಡಿದು ನಿವೃತ್ತಳಾದವಳು. ಈಗ ಸ್ತ್ರೀಯರ ಕೂಟದ ತಿಂಗಳ ಕಾಣಿಕೆಗೆ ಮನೆಮನೆಗೆ ಹೋಗುತ್ತೇನೆ. ಈಚೆಗೆ ಒಬ್ಬ ಅಜ್ಜಿ ಕಾಣಿಕೆಯ ಕವರನ್ನು ಬೈಬಲಿನೊಳಗಿಂದ ತೆಗೆದುಕೊಟ್ಟರು. ಪಕ್ಕದಲ್ಲೇ ಬಿ.ಪಿ. ಮಾತ್ರೆಯ ಪಟ್ಟಿ. ತಿಂಗಳ ಕೊನೆ, ಅರ್ಧದಷ್ಟು ಮಾತ್ರೆಗಳು ಹಾಗೇ ಉಳಿದಿದ್ದವು. ಕೇಳಿದರೆ, "ದಿನ ಬಿಟ್ಟು ದಿನ ತಗೋತೀನಮ್ಮ, ದೇವರ ದುಡ್ಡು ಮುಟ್ಟಬಾರದಲ್ಲ" ಎಂದರು. "ಮೊದಲು ಮಾತ್ರೆ ತಗೊಳ್ಳಿ ಅಜ್ಜಿ" ಎಂದು ಕವರು ಅವರ ಕೈಗೇ ಇಟ್ಟು ಬಂದೆ. ಅವರ ಔಷಧಿಯ ಖರ್ಚನ್ನು ಕೂಟ ವಹಿಸಿಕೊಂಡಿತು. ಈಗ ಬುಧವಾರದ ಕೂಟದಲ್ಲಿ ಪ್ರಾರ್ಥನೆಗೆ ಮೊದಲು, ಈ ವಾರ ಯಾರ ಮನೆಗೆ ಯಾರು ಹೋಗಿಬಂದಿರಿ ಎಂದು ಕೇಳುತ್ತೇವೆ.