ಬಾವಿಯ ಲಾಂದ್ರ, ಕಡಲಿನ ಸಿಲಿಂಡರು

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಹೊಲಗಳಲ್ಲಿ ಬೇಸಗೆ ಬಂತೆಂದರೆ ಹಳೆಯ ಬಾವಿಗಳ ಹೂಳು ತೆಗೆಯಿಸುವ ಮಾತು ಏಳುತ್ತದೆ. ಆಳನ್ನು ಇಳಿಸುವ ಮೊದಲು ಹಗ್ಗಕ್ಕೆ ಲಾಂದ್ರವೊಂದನ್ನು ಕಟ್ಟಿ ಕೆಳಗೆ ಬಿಡುವುದು ಹಿರಿಯರಿಂದ ಬಂದ ರೂಢಿ. ದೀಪ ನಂದಿತೋ, ಆ ದಿನ ಯಾರೂ ಇಳಿಯುವಂತಿಲ್ಲ. (ದೀಪ ಉರಿಯಿತೆಂದ ಮಾತ್ರಕ್ಕೆ ಬೇರೆ ವಿಷಾನಿಲಗಳಿಲ್ಲವೆಂದು ನಂಬುವುದೂ ಅಪಾಯವೇ.) ಬಾವಿಯ ತಳದಲ್ಲಿ ಮನುಷ್ಯನನ್ನು ಕೊಲ್ಲುವುದು ಸಾಮಾನ್ಯವಾಗಿ ಆಮ್ಲಜನಕದ ಕೊರತೆ. ಕಡಲಿನ ತಳದಲ್ಲಾದರೋ ಅದೇ ಆಮ್ಲಜನಕ ಹೆಚ್ಚಾಗಿಯೂ ಕೊಲ್ಲಬಲ್ಲದು!

ಮುರುಡೇಶ್ವರದಿಂದ ದೋಣಿಯಲ್ಲಿ ಸಾಗಿದರೆ ನೇತ್ರಾಣಿ ದ್ವೀಪ. ಬೆನ್ನಿಗೆ ಸಿಲಿಂಡರು ಬಿಗಿದು ಅಲ್ಲಿಯ ನೀರಿಗೆ ಧುಮುಕುವ ತರುಣರಲ್ಲಿ ಬಯಲುಸೀಮೆಯವರೂ ಇದ್ದಾರೆ. ಒಮ್ಮೆ ಮುಳುಗಿ ಮೀನುಗಳನ್ನು ಕಂಡು ಬಂದವರಿಗೆ ಇನ್ನೂ ಆಳಕ್ಕೆ, ದಿನಕ್ಕೆರಡು ಸಲ, ಮೂರು ಸಲ ಇಳಿಯುವ ಹಂಬಲ ಹುಟ್ಟುವುದು ಸಹಜ. ಲೆಕ್ಕ ತೊಡಕಾಗುವುದು ಅಲ್ಲಿಂದಲೇ.

ನೀರಿನಲ್ಲಿ ಪ್ರತಿ ೧೦ ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ೩೦ ಮೀಟರಿನಲ್ಲಿ ಅದು ಮೇಲಿನದರ ನಾಲ್ಕರಷ್ಟು. ಅಲ್ಲಿ ಎಳೆದ ಒಂದೊಂದು ಉಸಿರೂ ನಾಲ್ಕು ಉಸಿರಿನ ಗಾಳಿಯನ್ನು ಕಬಳಿಸುತ್ತದೆ. ಸಾಲದುದಕ್ಕೆ ಸಾರಜನಕವು ರಕ್ತದಲ್ಲಿಯೂ ಕೊಬ್ಬಿನಲ್ಲಿಯೂ ಕರಗುತ್ತಾ ಹೋಗುತ್ತದೆ. ಅವಸರದಿಂದ ಮೇಲೇರಿದರೆ, ಸೋಡಾ ಸೀಸೆಯ ಮುಚ್ಚಳ ತೆಗೆದಾಗ ಆಗುವಂತೆ, ಗುಳ್ಳೆಗಳಾಗಿ ಹೊರಬರುತ್ತದೆ. ಕೀಲುಗಳ ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಅದರ ಫಲ.

ಇದನ್ನು ಲೆಕ್ಕಕ್ಕೆ ತಂದವರಲ್ಲಿ ಮೊದಲಿಗರು ಜಾನ್ ಸ್ಕಾಟ್ ಹಾಲ್ಡೇನ್. ಗಣಿಗಳ ಕೆಟ್ಟ ಗಾಳಿಯನ್ನು ಪರೀಕ್ಷಿಸುತ್ತಿದ್ದ ಈ ವಿಜ್ಞಾನಿ ಆಡುಗಳ ಮೇಲೆ ಪ್ರಯೋಗ ನಡೆಸಿ, ೧೯೦೮ರಲ್ಲಿ ಸಂಗಡಿಗರೊಡನೆ, ಹಂತಹಂತವಾಗಿ ನಿಂತು ಮೇಲೇರುವ ಪಟ್ಟಿಯನ್ನು ಪ್ರಕಟಿಸಿದರು. ಅವರ ಮಗ ಜೆ. ಬಿ. ಎಸ್. ಹಾಲ್ಡೇನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಒತ್ತಡದ ಕೋಣೆಯೊಳಗೆ ತಾವೇ ಕುಳಿತು ಆಮ್ಲಜನಕದ ಉಪದ್ರವವನ್ನು ಅನುಭವಿಸಿ ನೋಡಿದರು. ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು ಇವರೇ.

ಸಾರಜನಕವನ್ನು ಕಡಿಮೆ ಮಾಡಬೇಕಾದರೆ ಆಮ್ಲಜನಕವನ್ನು ಹೆಚ್ಚಿಸಬೇಕು. ನೂರಕ್ಕೆ ೩೨ ಪಾಲು ಆಮ್ಲಜನಕವಿರುವ ಮಿಶ್ರಣಕ್ಕೆ ನೈಟ್ರಾಕ್ಸ್ ಎಂದು ಹೆಸರು. ಇದನ್ನು ಉಸಿರಾಡುವವನಿಗೆ ೩೦ ಮೀಟರಿನ ಆಳವು, ಸಾರಜನಕದ ಮಟ್ಟಿಗೆ, ಬರಿಯ ಗಾಳಿಯಲ್ಲಿ ೨೪ ಮೀಟರು ಇಳಿದಷ್ಟೇ. ಆದರೆ ಆಮ್ಲಜನಕದ ಪಾಲಿನ ಒತ್ತಡ ೧.೪ ವಾಯುಮಂಡಲವನ್ನು ಮೀರಬಾರದೆಂಬುದು ಕಟ್ಟಳೆ. ಆದುದರಿಂದ ಈ ಮಿಶ್ರಣದೊಡನೆ ೩೩ ಮೀಟರಿಗಿಂತ ಕೆಳಗಿಳಿಯುವಂತಿಲ್ಲ. ೩೬ ಪಾಲಿನದಾದರೆ ೨೮ ಮೀಟರೇ ಗಡಿ. ಗಡಿ ದಾಟಿದವನಿಗೆ ನೀರಿನೊಳಗೇ ಸೆಳವು ಬಂದೀತು, ಬಾಯಿಯ ಕೊಳವೆ ಕಳಚೀತು. ಸಿಲಿಂಡರಿನ ಮೇಲಿನ ಚೀಟಿಯನ್ನು ನಂಬದೆ ಒಳಗಿರುವ ಅನಿಲವನ್ನು ಪ್ರತಿಯೊಬ್ಬನೂ ತಾನೇ ಅಳೆದು ನೋಡಬೇಕೆನ್ನುವುದು ಇದಕ್ಕಾಗಿಯೇ.

ಇನ್ನು ಸಿಲಿಂಡರಿನ ಗಾತ್ರ. ೧೨ ಲೀಟರಿನ ಸಿಲಿಂಡರಿನಲ್ಲಿ ೨೦೦ ವಾಯುಮಂಡಲದ ಒತ್ತಡದಲ್ಲಿ ೨,೪೦೦ ಲೀಟರು ಗಾಳಿ ಹಿಡಿಸುತ್ತದೆ. ನಿಮಿಷಕ್ಕೆ ೨೦ ಲೀಟರು ಉಸಿರಾಡುವವನು ೩೦ ಮೀಟರಿನಲ್ಲಿ ೮೦ ಲೀಟರು ಖರ್ಚುಮಾಡುತ್ತಾನೆ. ಜೊತೆಗಾರನ ಗಾಳಿ ಮುಗಿದು, ಗಾಬರಿಗೊಂಡ ಇಬ್ಬರೂ ಒಂದೇ ಸಿಲಿಂಡರಿನಲ್ಲಿ ಮೇಲೇರಬೇಕಾಗಿ ಬಂದರೆ? ತಳದಲ್ಲಿ ಒಂದು ನಿಮಿಷ, ಏರಲು ಮೂರು, ಐದು ಮೀಟರಿನಲ್ಲಿ ನಿಲ್ಲಲು ಇನ್ನು ಮೂರು. ಇಬ್ಬರಿಗೂ ಸೇರಿ ೯೬೦ ಲೀಟರಾದರೂ ಬೇಕು. ಇದನ್ನು ಮುಟ್ಟದೆ ಇಟ್ಟರೆ ಉಳಿಯುವುದು ಹದಿನೆಂಟು ನಿಮಿಷದ ಗಾಳಿ. ೫೦ ವಾಯುಮಂಡಲ ಉಳಿಸಿಕೊಂಡರೆ ಸಾಕೆಂಬ ಮಾತು, ಎಂದರೆ ೬೦೦ ಲೀಟರು, ಈ ಆಳಕ್ಕೆ ಸಾಲದು.

೧೫ ಲೀಟರಿನ ಸಿಲಿಂಡರು ಹೊತ್ತರೆ ಇಪ್ಪತ್ತೈದು ನಿಮಿಷ ಸಿಗುತ್ತದೆ. ಆದರೆ ಬರಿಯ ಗಾಳಿಯಾದರೆ, ನಡುವೆ ನಿಲ್ಲದೆ ನೇರವಾಗಿ ಮೇಲೇರಬಹುದಾದ ಅವಧಿ ೩೦ ಮೀಟರಿನಲ್ಲಿ ಸುಮಾರು ಇಪ್ಪತ್ತೇ ನಿಮಿಷ. ಹೆಚ್ಚಿನ ಗಾಳಿ ಅಲ್ಲಿ ಉಪಕಾರವಲ್ಲ, ಆಮಿಷ. ೩೨ ಪಾಲಿನ ನೈಟ್ರಾಕ್ಸಿನಲ್ಲಿ ಅದೇ ಅವಧಿ ಮೂವತ್ತರ ಹತ್ತಿರ ಹೋಗುವುದರಿಂದ ದೊಡ್ಡ ಸಿಲಿಂಡರಿಗೆ ಅರ್ಥ ಬರುತ್ತದೆ. ಮಿಶ್ರಣವನ್ನೂ ಗಾತ್ರವನ್ನೂ ಜೊತೆಯಾಗಿಯೇ ಆರಿಸಬೇಕು. ಮಧ್ಯಾಹ್ನದ ಎರಡನೆಯ ಮುಳುಗಿಗಂತೂ ಬೆಳಗಿನ ಸಾರಜನಕದ ಬಾಕಿ ಮೈಯಲ್ಲಿಯೇ ಇರುತ್ತದೆ. ಸಿಲಿಂಡರು ಹೊಸದಾಗಿ ತುಂಬಿರಬಹುದು, ಮೈ ಖಾಲಿಯಾಗಿರುವುದಿಲ್ಲ.

೬೦ ಮೀಟರಿನಂತಹ ಆಳಕ್ಕೆ ಹೀಲಿಯಂ ಬೆರೆಸಿದ ಮಿಶ್ರಣ ಬೇಕು. ಅಲ್ಲಿ ಸಾರಜನಕವು ಹೆಂಡದಂತೆ ಬುದ್ಧಿಯನ್ನು ಮಂಕುಗೊಳಿಸುತ್ತದೆ. ಜೋಡಿ ಸಿಲಿಂಡರುಗಳು, ಏರುವಾಗಿನ ಬೇರೆ ಅನಿಲಗಳು, ವರ್ಷಗಳ ಶಿಕ್ಷಣ — ಅದು ವಿನೋದದ ಮಾತಲ್ಲ.

ಗುಂಡ್ಲುಪೇಟೆಯ ಮನೆಯವರು ವಿಶೇಷವಾಗಿ ತಿಳಿಯಬೇಕಾದುದೊಂದುಂಟು. ಅವರ ಊರು ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿದೆ; ಹಿಮವದ್ ಗೋಪಾಲಸ್ವಾಮಿ ಬೆಟ್ಟ ೧,೪೫೪ ಮೀಟರು; ಬಂಡೀಪುರ ದಾಟಿ ಸಾಗಿದರೆ ಊಟಿ ೨,೨೦೦ಕ್ಕೂ ಹೆಚ್ಚು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಮುಳುಗಿ ಬಂದವನ ಪಾಲಿಗೆ ಅದು ಸೋಡಾ ಸೀಸೆಯ ಮುಚ್ಚಳವನ್ನು ಇನ್ನಷ್ಟು ಸಡಿಲಿಸಿದಂತೆ. ಹಲವು ಸಲ ಮುಳುಗಿದವರು ಹದಿನೆಂಟು ಗಂಟೆಯಾದರೂ ವಿಮಾನ ಹತ್ತಬಾರದೆಂಬ ನಿಯಮ ಪ್ರಸಿದ್ಧವಾಗಿದೆ. ಘಟ್ಟದ ರಸ್ತೆಗೂ ಅದೇ ಎಚ್ಚರ ಬೇಕೆಂಬುದನ್ನು ಮಾತ್ರ ಬಹುಮಂದಿ ಮರೆಯುತ್ತಾರೆ. ಭಾನುವಾರ ಮಧ್ಯಾಹ್ನ ಎರಡನೆಯ ಮುಳುಗು ಮುಗಿಸಿ, ಸೋಮವಾರ ಬೆಳಗ್ಗೆ ಕಚೇರಿಗೆ ಹಾಜರಾಗಬೇಕೆಂದು ಅದೇ ಸಂಜೆ ಘಟ್ಟವೇರುವ ಮಗನಿಗೆ ತಾಯಿ ಹೇಳಬೇಕಾದುದು, ಒಂದು ದಿನ ರಜೆ ಹಾಕಿ ಕಡಲ ತೀರದಲ್ಲಿಯೇ ಇದ್ದು ಬಾ, ಎಂದು.

ಹಾಗೂ ಬಂದವನಿಗೆ ಭುಜವೋ ಮೊಣಕಾಲೋ ನೋಯತೊಡಗಿದರೆ, ಕೈಕಾಲು ಜೋಮು ಹಿಡಿದರೆ, ಪ್ರಯಾಣದ ಆಯಾಸವೆಂದು ಎಣ್ಣೆ ತಿಕ್ಕುತ್ತಾ ಕೂರಬಾರದು. ಕಡಲಿನಲ್ಲಿ ಮುಳುಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಬೇಕು. ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ. ಆಮೇಲಿನದು ಒತ್ತಡದ ಕೋಣೆ.